ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗುತ್ತಿತ್ತು: ದೋಷ ಹುಡುಕಿದ ನನ್ನ ಅನುಭವ

ನಮ್ಮ ಮನೆಯ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಸುರಕ್ಷತಾ ಸ್ವಿಚ್ಚು, ಇದ್ದಕ್ಕಿದ್ದಂತೆ ಟ್ರಿಪ್ ಆಗಲು (ತಾನಾಗಿ ಆಫ್ ಆಗಲು) ಶುರುವಾಯಿತು. ಇಸ್ತ್ರಿ ಪೆಟ್ಟಿಗೆ ಹಾಕಿದರೆ ಟಪ್ ಅಂತ ಬೀಳುತ್ತಿತ್ತು. ಗೀಸರ್ ಹಾಕಿದರೂ ಅಷ್ಟೆ. ಬರೀ ಲೈಟು, ಫ್ಯಾನು ಇದ್ದರೆ ಗಂಟೆಗಟ್ಟಲೆ ತಣ್ಣಗೆ ಇರುತ್ತಿತ್ತು. ನೋಡಿದವರು ಹೇಳಿದ್ದು ಒಂದೇ ಮಾತು: "ಅದನ್ನ ಬೈಪಾಸ್ ಮಾಡಿಬಿಡಿ, ಹೇಗೂ ಎಂಸಿಬಿ ಇದೆಯಲ್ಲ."

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಎಂಸಿಬಿ ಅಂದರೆ ಮಿತಿಗಿಂತ ಜಾಸ್ತಿ ಕರೆಂಟ್ ಹರಿದರೆ ಬೀಳುವ ಸ್ವಿಚ್ಚು. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರ್‌ನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಜಾಸ್ತಿ ಕರೆಂಟ್ ಹರಿಯಬೇಕು. ಜೀವ ಹೋಗುವುದಕ್ಕೆ ಅದರ ನೂರನೇ ಒಂದು ಪಾಲು ಸಾಕು. ಆರ್‌ಸಿಸಿಬಿ ನೋಡುವುದೇ ಬೇರೆ. ಫೇಸ್‌ನಲ್ಲಿ ಎಷ್ಟು ಕರೆಂಟ್ ಹೋಯಿತೋ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ಸದಾ ತಾಳೆ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟಿದರೆ 0.3 ಸೆಕೆಂಡಿನೊಳಗೆ ಲೈನ್ ಕಟ್ ಮಾಡಲೇಬೇಕು. 150 ಆದರೆ 0.04 ಸೆಕೆಂಡಿನೊಳಗೆ. 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, ಅದು ಸಾಧನದ ದೋಷವಲ್ಲ.

ಮೊದಲ ಅನುಮಾನ ಗೀಸರ್ ಮೇಲೆ. ಅದು ಸಹಜ. ಕಾಯಿಲ್‌ನ ಹೊರಕವಚ ಬಿರುಕು ಬಿಟ್ಟರೆ ಒಳಗಿನ ಪುಡಿಗೆ ನೀರಿನ ಪಸೆ ಹತ್ತುತ್ತದೆ, ಕರೆಂಟ್ ಸೋರುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಸಾಮಾನ್ಯ ಸ್ವಿಚ್ಚು ಫೇಸ್ ಒಂದನ್ನೇ ಕಡಿಯುತ್ತದೆ, ನ್ಯೂಟ್ರಲ್ ಸೇರಿಕೊಂಡೇ ಇರುತ್ತದೆ. ಫ್ರಿಜ್, ವಾಷಿಂಗ್ ಮೆಷಿನ್, ಕಂಪ್ಯೂಟರ್ ಎಲ್ಲದರ ಪ್ಲಗ್ ಕಿತ್ತೆ. ಆಮೇಲೆ ಒಂದೊಂದನ್ನೇ ಹಾಕುತ್ತಾ ಹೋದೆ. ಸೋರುವ ಉಪಕರಣ ಒಂದೇ ಇದ್ದಿದ್ದರೆ ಅದನ್ನು ಹಾಕಿದ ಕೂಡಲೇ ಸಿಕ್ಕಿಬೀಳಬೇಕಿತ್ತು. ನಮ್ಮಲ್ಲಿ ಹಾಗಾಗಲಿಲ್ಲ. ಜಾಸ್ತಿ ಕರೆಂಟ್ ಎಳೆಯುವ ಯಾವುದನ್ನು ಹಾಕಿದರೂ, ಯಾವ ರೂಮಿನಲ್ಲಿ ಹಾಕಿದರೂ ಬೀಳುತ್ತಿತ್ತು.

ಈ ಲಕ್ಷಣ ಕಂಡರೆ ನ್ಯೂಟ್ರಲ್ ಎಲ್ಲೋ ಅರ್ಥಿಂಗ್‌ಗೆ ತಾಗಿದೆ ಅಂತ ಮೊದಲು ಅನುಮಾನಿಸಬೇಕು. ಹಾಗೆ ತಾಗಿದಾಗ ವಾಪಸ್ ಬರುವ ಕರೆಂಟಿನ ಒಂದು ಪಾಲು ಅರ್ಥ್ ತಂತಿಯಲ್ಲಿ ಹೋಗಿಬಿಡುತ್ತದೆ. ಲೋಡ್ ಕಡಿಮೆ ಇದ್ದರೆ ಆ ಪಾಲೂ ಕಡಿಮೆ, ಆರ್‌ಸಿಸಿಬಿ ಸುಮ್ನೆ ಇರುತ್ತದೆ. ಇಸ್ತ್ರಿ ಪೆಟ್ಟಿಗೆ ಹಾಕಿದರೆ ಆ ಪಾಲೂ ಏರುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಕಷ್ಟ ಏನೆಂದರೆ, ಹೆಚ್ಚಿನ ಮನೆಗಳಲ್ಲಿ ಇರುವುದು ಫೇಸ್ ಒಂದನ್ನೇ ಕಡಿಯುವ ಸಿಂಗಲ್ ಪೋಲ್ ಎಂಸಿಬಿ. ಅದನ್ನು ಆಫ್ ಮಾಡಿದರೂ ಆ ಸರ್ಕ್ಯೂಟಿನ ನ್ಯೂಟ್ರಲ್ ಹಾಗೇ ಇರುತ್ತದೆ. ಆಫ್ ಮಾಡಿಟ್ಟ ರೂಮಿನಲ್ಲಿ ದೋಷ ಇರುತ್ತದೆ, ಬೇರೆ ರೂಮಿನ ಇಸ್ತ್ರಿ ಪೆಟ್ಟಿಗೆಗೆ ಕೆಟ್ಟ ಹೆಸರು ಬರುತ್ತದೆ.

ಮುಂದಿನದ್ದು ಡಿಬಿ, ಅಂದರೆ ಈ ಸ್ವಿಚ್ಚುಗಳೆಲ್ಲ ಇರುವ ಡಬ್ಬಿ, ಬಿಚ್ಚುವ ಕೆಲಸ. ಇದರಲ್ಲಿ ಕೈ ಪಳಗಿಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನ ಕರೆಸಿ, ಈ ಲಕ್ಷಣ ಹೇಳಿ, ಅವರ ಸಮಯ ಉಳಿಯುತ್ತದೆ. ನಾನು ಮೇನ್ ಆಫ್ ಮಾಡಿ, ಆರ್‌ಸಿಸಿಬಿಯನ್ನೂ ಇಳಿಸಿದೆ. ಇನ್ವರ್ಟರ್ ಕೂಡ ಬಂದ್ ಮಾಡಿ ಅದರ ಔಟ್‌ಪುಟ್ ಬಿಚ್ಚಿದೆ, ಇಲ್ಲದಿದ್ದರೆ ಅಲ್ಲಿಂದ ಕರೆಂಟ್ ಬರುತ್ತದೆ. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಇಟ್ಟು ಅದು ಸರಿಯಾಗಿ ತೋರಿಸುತ್ತಿದೆ ಅಂತ ಖಾತ್ರಿ ಮಾಡಿಕೊಂಡೇ, ಮುಟ್ಟಬೇಕಾದ ಜಾಗದಲ್ಲಿ ವೋಲ್ಟೇಜ್ ಇಲ್ಲ ಎನ್ನುವುದನ್ನು ನಂಬಿದ್ದು. ಮೇನ್ ಸ್ವಿಚ್ಚಿಗೆ ಒಳಬರುವ ತಂತಿಯಲ್ಲಿ ಆಗಲೂ ಕರೆಂಟ್ ಇರುತ್ತದೆ. ಅದರ ಹತ್ತಿರ ಕೈ ಹಾಕಲಿಲ್ಲ.

ಎಲ್ಲ ಪ್ಲಗ್ ಕಿತ್ತು, ಆರ್‌ಸಿಸಿಬಿ ನಂತರದ ನ್ಯೂಟ್ರಲ್ ಬಾರ್‌ಗೂ (ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿ) ಅರ್ಥ್ ಬಾರ್‌ಗೂ ನಡುವೆ ಓಮ್ಸ್ ಅಳೆದೆ. ಎರಡೂ ಬೇರೆ ಬೇರೆ ಇದ್ದಿದ್ದರೆ ಮೀಟರ್ ಓಪನ್, ಅಂದರೆ ಸಂಪರ್ಕವೇ ಇಲ್ಲ ಅಂತ, ತೋರಿಸಬೇಕಿತ್ತು. ತೋರಿಸಿದ್ದು ಒಂದೆರಡು ಓಮ್ಸ್. ಅನುಮಾನ ನಿಜವಾಯಿತು. ಆಮೇಲೆ ಬಾರ್‌ನಿಂದ ನ್ಯೂಟ್ರಲ್ ತಂತಿಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿಯೊಂದಕ್ಕೂ ಟೇಪ್ ಸುತ್ತಿ ಹೆಸರು ಬರೆಯುತ್ತಾ ಮೀಟರ್ ನೋಡಿದೆ. ಬಟ್ಟೆ ಒಗೆಯುವ ಕಡೆಯ ಸಾಕೆಟ್‌ನ ತಂತಿ ಬಿಚ್ಚಿದ ತಕ್ಷಣ ಮೀಟರ್ ಓಪನ್ ತೋರಿಸಿತು.

ಆ ಸಾಕೆಟ್‌ನ ಪ್ಲೇಟ್ ತೆಗೆದರೆ ಕಾರಣ ಕಣ್ಣೆದುರಿಗೇ ಇತ್ತು. ಕಬ್ಬಿಣದ ಬಾಕ್ಸಿನೊಳಗೆ ತಂತಿ ಉದ್ದ ಜಾಸ್ತಿಯಾಗಿ ಮಡಚಿ ತುರುಕಿದ್ದರು. ಪ್ಲೇಟಿನ ಉದ್ದನೆಯ ಸ್ಕ್ರೂ ಕಪ್ಪು ನ್ಯೂಟ್ರಲ್ ತಂತಿಯನ್ನು ಬಾಕ್ಸಿನ ಗೋಡೆಗೆ ಒತ್ತಿ ಹಿಡಿದಿತ್ತು. ಮೇಲಿನ ಇನ್ಸುಲೇಷನ್ ಸವೆದು, ಸಾಸಿವೆ ಕಾಳಿನಷ್ಟು ತಾಮ್ರ ಹೊಳೆಯುತ್ತಿತ್ತು. ಬಾಕ್ಸಿಗೆ ಅರ್ಥಿಂಗ್ ಇದ್ದದ್ದರಿಂದ ನ್ಯೂಟ್ರಲ್ ಅದಕ್ಕೆ ಸೇರಿಕೊಂಡಿತ್ತು. ಗಾಯವಾದ ಭಾಗವನ್ನು ಕತ್ತರಿಸಿ, ಉಳಿದ ತಂತಿಯನ್ನು ಸಾಕೆಟ್‌ಗೆ ಮತ್ತೆ ಕೂರಿಸಿದೆ. ಚಿಕ್ಕ ಸ್ಕ್ರೂ ಹಾಕಿದೆ.

ಮಲ್ಟಿಮೀಟರ್ ಅಳೆಯುವುದು ಸಣ್ಣ ವೋಲ್ಟೇಜಿನಲ್ಲಿ. ಪಸೆಯಿಂದಾಗುವ ಸೋರಿಕೆ ಅದಕ್ಕೆ ಕಾಣದೇ ಇರಬಹುದು. ಅದಕ್ಕೇ 500 ವೋಲ್ಟಿನ ಮೆಗ್ಗರ್ (ಹೆಚ್ಚು ವೋಲ್ಟೇಜಿನಲ್ಲಿ ಇನ್ಸುಲೇಷನ್ ಅಳೆಯುವ ಮೀಟರ್) ತಂದು ಆ ಸರ್ಕ್ಯೂಟನ್ನು ಪರೀಕ್ಷಿಸಿದೆ. ಕನಿಷ್ಠ 1 ಮೆಗಾ ಓಮ್ ಇರಬೇಕು, ಅದಕ್ಕಿಂತ ಎಷ್ಟೋ ಜಾಸ್ತಿ ಬಂತು. ಮೆಗ್ಗರ್ ಬಳಸುವಾಗ ಉಪಕರಣ ಯಾವುದೂ ಸೇರಿರಬಾರದು, ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ.

ನ್ಯೂಟ್ರಲ್ ತಂತಿಗಳನ್ನೆಲ್ಲ ಮತ್ತೆ ಬಾರ್‌ಗೆ ಸೇರಿಸಿ ಡಿಬಿ ಮುಚ್ಚಿದೆ. ಕರೆಂಟ್ ಕೊಟ್ಟು ಮೊದಲು ಒತ್ತಿದ್ದು ಆರ್‌ಸಿಸಿಬಿಯ ಟೆಸ್ಟ್ ಬಟನ್. ಟಕ್ ಅಂತ ಬಿತ್ತು. ಈಗಲೂ ಆಗಾಗ ಒತ್ತಿ ನೋಡುತ್ತೇನೆ. ಒತ್ತಿದಾಗ ಬೀಳದಿದ್ದರೆ ಅದನ್ನು ಬದಲಾಯಿಸಲೇಬೇಕು. ಆದರೆ ಈ ಬಟನ್ ನೋಡುವುದು ಆ ಸಾಧನವನ್ನು ಮಾತ್ರ. ಮನೆಗೆ ಅರ್ಥಿಂಗ್ ಸರಿಯಾಗಿಲ್ಲದಿದ್ದರೂ ಅದು ಬೀಳುತ್ತದೆ, ಹಾಗಾಗಿ ಅರ್ಥಿಂಗ್ ಬೇರೆಯಾಗಿಯೇ ಚೆಕ್ ಮಾಡಿಸಬೇಕು. ಒಂದು ಕೈ ಫೇಸ್‌ಗೆ, ಇನ್ನೊಂದು ಕೈ ನ್ಯೂಟ್ರಲ್‌ಗೆ ತಾಗಿದರೆ ಆರ್‌ಸಿಸಿಬಿ ಇದ್ದರೂ ಕಾಪಾಡದೇ ಇರಬಹುದು. ಅದರ ಲೆಕ್ಕದಲ್ಲಿ ನೀವೂ ಒಂದು ಲೋಡ್ ಅಷ್ಟೆ.