ತೊಟ್ಟಿಲಿಗೆ ನೆತ್ತಿಯ ಮೇಲಿನ ದೀಪ ಬೇಡ

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮನೆಯಲ್ಲಿರುವ ಟ್ಯೂಬ್‌ಲೈಟೆಲ್ಲ ಉರಿಯಲೇಬೇಕು ಎಂದು ಯಾರು ಹೇಳಿಕೊಟ್ಟರೋ! ಸಾಲದು ಅಂತ ವಿಡಿಯೋದವರ ಫೋಕಸ್ ಲೈಟೂ ನೇರ ತೊಟ್ಟಿಲೊಳಕ್ಕೆ. ಅಂಗಾತ ಮಲಗಿದ ಕೂಸಿಗೆ ಕಾಣುವುದು ಸೂರೊಂದೇ. ಅಲ್ಲಿ ಉರಿಯುವ ದೀಪ ಅದರ ಕಣ್ಣಿಗೇ ಹೊಡೆಯುತ್ತದೆ. ಕೂಸು ಕಿರುಚಿಕೊಂಡರೆ ದೃಷ್ಟಿಯಾಯಿತು ಎಂದು ಉಪ್ಪು ಮೆಣಸಿನಕಾಯಿ ತರಲು ಓಡುತ್ತಾರೆ. ನಿವಾಳಿಸಿ, ಬೇಡ ಅನ್ನುವುದಿಲ್ಲ. ಮೊದಲು ಆ ದೀಪ ಆರಿಸಿ.

ಹಿಂದೆ ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟುತ್ತಿದ್ದರು, ದೀಪ ಗೋಡೆಯ ಗೂಡಿನಲ್ಲಿರುತ್ತಿತ್ತು. ಬೆಳಕು ಪಕ್ಕದಿಂದ ಬರುತ್ತಿದ್ದುದರಿಂದಲೇ ಮುಖಗಳಿಗೆ ಆ ಕಳೆ. ನೆತ್ತಿಯಿಂದ ಬೀಳುವ ಬೆಳಕು ಕಣ್ಣಿನ ಕೆಳಗೆ, ಮೂಗಿನ ಕೆಳಗೆ ನೆರಳು ಹಾಕುತ್ತದೆ; ಮೊದಲೇ ನಿದ್ದೆಗೆಟ್ಟ ಬಾಣಂತಿ ಇನ್ನಷ್ಟು ಸೊರಗಿದಂತೆ ಕಾಣುತ್ತಾಳೆ. ತೊಟ್ಟಿಲಿನ ಎಡಕ್ಕೊಂದು ಬಲಕ್ಕೊಂದು ಸ್ಟ್ಯಾಂಡ್ ದೀಪ ಇಟ್ಟು, ದೀಪದ ಮುಖವನ್ನು ಬಿಳಿ ಗೋಡೆಯ ಕಡೆ ತಿರುಗಿಸಿ. ಗೋಡೆಗೆ ಬಡಿದು ಬಂದ ಬೆಳಕು ಚುಚ್ಚುವುದಿಲ್ಲ. 9 ವ್ಯಾಟಿನ ಎಲ್‌ಇಡಿ ಬಲ್ಬು ಸಾಕು. ಕೊಳ್ಳುವಾಗ ಡಬ್ಬಿ ಓದಿ: 2700 ಅಥವಾ 3000 ಕೆಲ್ವಿನ್ ಎಂದಿರಲಿ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಕಡಿಮೆಯಿದ್ದಷ್ಟೂ ಹಳದಿ. 6500ರ ಬಿಳಿ ಬಲ್ಬಿನಡಿ ಅರಿಶಿನ ಕಳೆಗೆಡುತ್ತದೆ, ಚೆಂಡುಹೂ ಸಪ್ಪೆಯಾಗುತ್ತದೆ. ಒಂದು ಬಿಳಿ, ಒಂದು ಹಳದಿ ಬೆರೆಸಿದರಂತೂ ಫೋಟೋದಲ್ಲಿ ಅರ್ಧ ಮುಖ ನೀಲಿ, ಅರ್ಧ ಮುಖ ಕಿತ್ತಳೆ.

ಇನ್ನು ತೊಟ್ಟಿಲ ಹಿಂದಿನ ಗೋಡೆ. ಸೀರಿಯಲ್ ಸೆಟ್ಟನ್ನು ಬರಿ ಗೋಡೆಗೆ ಟೇಪ್ ಹಚ್ಚಿ ಅಂಟಿಸಿ ಅಲಂಕಾರ ಮುಗಿಯಿತು ಅನ್ನುತ್ತೀರಿ. ಕಣ್ಣಿಗೆ ಕಾಣುವುದು ವೈರು. ಹೀಗೆ ಮಾಡಿ ನೋಡಿ. ಒಗೆದೊಗೆದು ಮೆತ್ತಗಾದ ಹಳೇ ಬಿಳಿ ಪಂಚೆ ಬೇಕು. ಗಂಜಿ ಹಾಕಿದ್ದು ಬೇಡ, ನೈಲಾನ್ ನೆಟ್ಟಂತೂ ಬೇಡವೇ ಬೇಡ. ಗೋಡೆಯ ಅಗಲಕ್ಕೆ ಎರಡರಷ್ಟು ಬಟ್ಟೆ ಇರಲಿ. ಎರಡು ಹಗ್ಗ ಕಟ್ಟಿ: ಒಂದು ಗೋಡೆಗೆ ಅಂಟಿದಂತೆ, ಇನ್ನೊಂದು ಅದಕ್ಕಿಂತ ಒಂದು ಗೇಣು ಮುಂದೆ. ಹಿಂದಿನ ಹಗ್ಗದಿಂದ ಸೀರಿಯಲ್ ಎಳೆಗಳನ್ನು ಗೇಣಿಗೊಂದರಂತೆ ಇಳಿಬಿಡಿ, ಬಲ್ಬಿನ ಮೂತಿ ಗೋಡೆಯ ಕಡೆಗೆ. ಮುಂದಿನ ಹಗ್ಗಕ್ಕೆ ಪಂಚೆಯನ್ನು ನಾಲ್ಕು ಬೆರಳಗಲದ ನೆರಿಗೆ ಹಿಡಿದು ಪಿನ್ ಮಾಡಿ. ಆ ಒಂದು ಗೇಣಿನಲ್ಲೇ ಎಲ್ಲ ಇದೆ. ಬಟ್ಟೆ ದೀಪಕ್ಕೆ ತಾಗಿದರೆ ಚುಕ್ಕೆ ಚುಕ್ಕೆ ಕಾಣುತ್ತದೆ, ತೀರ ದೂರ ಹೋದರೆ ಮಂಕಾಗುತ್ತದೆ. ಸರಿಯಾಗಿ ಕೂತರೆ ಒಂದು ಪದರ ಇರುವಲ್ಲಿ ಬೆಳಕು, ನೆರಿಗೆ ಮಡಿಚಿದಲ್ಲಿ ತಿಳಿ ನೆರಳು, ಇಡೀ ಗೋಡೆ ಒಳಗಿನಿಂದ ಬೆಳಗಿದಂತೆ. ಅಂಚು ನೆಲ ಮುಟ್ಟಲಿ, ಇಲ್ಲದಿದ್ದರೆ ಕೆಳಗಿನಿಂದ ಬೆಳಕು ಸೋರುತ್ತದೆ. ಚೆಂಡುಹೂವಿನ ಮಾಲೆ ಪಂಚೆಯ ಮುಂದೆ ಬರಲಿ.

ಪಂಚೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡಿ, ಮಡಿಸದೆ ಕೋಲಿಗೆ ಸುತ್ತಿಡಿ. ಹಿಂದಿನಿಂದ ಬೆಳಕು ಬಿದ್ದಾಗ ಒಂದೊಂದು ಮಡಿಕೆಯೂ ಕಪ್ಪುಗೆರೆ.

ಸೀರಿಯಲ್ ಮಿಣುಕಬಾರದು, ಒಂದೇ ಸಮ ಉರಿಯಬೇಕು. ಗುಂಡಿ ಒತ್ತಿ ನಿಲ್ಲಿಸಿದ್ದರೂ ಕರೆಂಟ್ ಹೋಗಿ ಬಂದರೆ ಕೆಲವು ಸೆಟ್ ಮತ್ತೆ ಕುಣಿಯಲು ಶುರು ಮಾಡುತ್ತವೆ, ಆ ಗುಂಡಿಯಿರುವ ಡಬ್ಬಿ ಕೈಗೆಟಕುವಲ್ಲಿರಲಿ. ಒಂದು ಫೋಟೋ ತೆಗೆದು ನೋಡಿ. ಹಿಂದಿನ ಗೋಡೆ ಮುಖಕ್ಕಿಂತ ಬೆಳ್ಳಗಿದ್ದರೆ ಫೋನು ಮುಖವನ್ನೇ ಕಪ್ಪು ಮಾಡುತ್ತದೆ. ಆಗ ಒಂದೆರಡು ಎಳೆ ತೆಗೆಯಿರಿ.

ತೊಟ್ಟಿಲ ಹಗ್ಗಕ್ಕೆ ಸೀರಿಯಲ್ ಸುತ್ತುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ತೂಗಿದಷ್ಟೂ ವೈರು ಸವೆಯುತ್ತದೆ, ಕೂಸಿನ ಕೈ ಅಲ್ಲೇ ಇರುತ್ತದೆ. ಬಾಳೆಕಂದಿಗೂ ಬೇಡ; ಅದರ ತುಂಬ ನೀರು, ಜಾಯಿಂಟ್ ತಾಗಿದರೆ ಶಾಕ್ ಹೊಡೆಯುತ್ತದೆ. ಕೂಸನ್ನು ತೊಟ್ಟಿಲ ಕೆಳಗೆ, ಮೇಲೆ ದಾಟಿಸುವಾಗ ಸೀರೆಯುಟ್ಟವರ ಕಾಲಿಗೆ ತೊಡರದಂತೆ ವೈರುಗಳನ್ನು ಗೋಡೆಯಂಚಿಗೆ ಒಯ್ಯಿರಿ. ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಹಾಕಿ, ಸುರುಳಿಯಲ್ಲೇ ಇದ್ದರೆ ಕಾಯುತ್ತದೆ. 6 ಆಂಪಿಯರ್ ಸಾಕೆಟ್ಟಿಗೆ ಸುಮಾರು 1,300 ವ್ಯಾಟಿಗಿಂತ ಹೆಚ್ಚು ಹೇರಬಾರದು. ದೀಪಗಳಿರುವ ಬೋರ್ಡಿಗೇ ಅಡುಗೆಯವರು ನೀರು ಕಾಯಿಸುವ ಕೆಟಲ್ ಚುಚ್ಚದಂತೆ ಮೊದಲೇ ಹೇಳಿಡಿ.

ಎಣ್ಣೆ ದೀಪದ ಕಂಬ ಪಂಚೆಯಿಂದ ಎರಡು ಮಾರು ಆಚೆ, ಫ್ಯಾನಿನ ಗಾಳಿ ತಾಗದ ಮೂಲೆಯಲ್ಲಿರಲಿ. ಬತ್ತಿಯ ತುದಿ ಅಕ್ಕಿಕಾಳಿನಷ್ಟೇ ಹೊರಗಿರಲಿ, ಉದ್ದವಾದರೆ ಹೊಗೆ, ಮಸಿ.

ಹಿಂದಿನ ಸಂಜೆಯೇ ಎಲ್ಲ ಹಚ್ಚಿ, ತೊಟ್ಟಿಲನ್ನು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ನೀವೇ ಒಮ್ಮೆ ಅಂಗಾತ ಮಲಗಿ ನೋಡಿ. ಒಂದೇ ಒಂದು ಬಲ್ಬಿನ ಬುರುಡೆ ಕಣ್ಣಿಗೆ ಬಿದ್ದರೂ ಅದನ್ನು ಇನ್ನೊಂದು ಮೊಳ ಆಚೆಗಿಡಿ.