ಅಮ್ಮನಿಗೆ ಕೋವಿಡ್ ಬಂದರೆ ಬಿಲ್ ಇಲ್ಲ, ಮೂಳೆ ಮುರಿದರೆ ಇದೆ: ಹೆತ್ತವರನ್ನು ಇಂಗ್ಲೆಂಡಿಗೆ ಕರೆಸುವ ಮುಂಚೆ

ಹೋದ ತಿಂಗಳು ಇಂಗ್ಲೆಂಡಿನಿಂದ ರಜಕ್ಕೆ ಮೈಸೂರಿಗೆ ಬಂದಿದ್ದೆ. ಕುವೆಂಪುನಗರದ ನಮ್ಮ ಪಕ್ಕದ ಮನೆ ಆಂಟಿ, ಅಂಕಲ್ ಮಗಳ ಬಾಣಂತನಕ್ಕೆ ಅಂತ ಇಂಗ್ಲೆಂಡಿಗೆ ಹೊರಟಿದ್ದರು. ಊಟದ ಮೇಜಿನ ಮೇಲೆ ಚಟ್ನಿಪುಡಿ, ಹುರಿಹಿಟ್ಟು, ಲೇಹ್ಯದ ಡಬ್ಬಿಗಳು. ಅವುಗಳ ಮಧ್ಯೆ ಟ್ರಾವೆಲ್ ಇನ್ಶೂರೆನ್ಸ್ ಪೇಪರ್. ಸುಮ್ನೆ ತಿರುವಿ ನೋಡಿದೆ. ಮೊದಲಿಂದ ಇರುವ ಕಾಯಿಲೆ ಏನಾದರೂ ಇದೆಯಾ ಅಂತ ಕೇಳಿರುವ ಕಡೆ 'ಇಲ್ಲ' ಅಂತ ಇತ್ತು. ಆಂಟಿಗೆ ಹದಿನೈದು ವರ್ಷದಿಂದ ಶುಗರ್ ಇದೆ.

"ಏಜೆಂಟೇ ತುಂಬಿದ್ದು ಕಣಮ್ಮಾ. ಹೌದು ಅಂತ ಹಾಕಿದ್ರೆ ಪ್ರೀಮಿಯಂ ಜಾಸ್ತಿ ಆಗುತ್ತಂತೆ" ಅಂದರು.

ನನ್ನ ಎದೆ ಧಸಕ್ಕೆಂದಿತು. ನಮ್ಮಮ್ಮನ ಫಾರಂನಲ್ಲೂ ಇದೇ 'ಇಲ್ಲ' ಇತ್ತು. ಅದಕ್ಕೆ ನಾವು ತೆತ್ತಿದ್ದು ಹದಿನಾಲ್ಕು ಸಾವಿರ ಪೌಂಡಿಗೂ ಮೇಲೆ.

ವೀಸಾ ಹೇಗೆ ಮಾಡಿಸೋದು, ಎಷ್ಟು ಸ್ವೆಟರ್ ತರೋದು, ಇದೆಲ್ಲ ನಿಮಗೆ ಗೊತ್ತಿರುತ್ತದೆ. ಅದನ್ನು ಬರೆಯುತ್ತಿಲ್ಲ. ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಾಗ ಕೋವಿಡ್ ಬಂದು ಆಸ್ಪತ್ರೆ ಸೇರಿದರೆ ಏನಾಗುತ್ತದೆ ಅನ್ನುವುದನ್ನಷ್ಟೇ ಬರೆಯುತ್ತೇನೆ. ನಾನು ಹೇಳುವುದು ಇಂಗ್ಲೆಂಡಿನ ಲೆಕ್ಕ.

ಅಮ್ಮ ಮಂಡ್ಯದಿಂದ ಬಂದಿದ್ದು 2021ರ ನವೆಂಬರಿನಲ್ಲಿ. ಅದೇ ತಿಂಗಳು 26ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೊಸ ತಳಿಗೆ ಓಮಿಕ್ರಾನ್ ಅಂತ ಹೆಸರಿಟ್ಟಿತು. ಜನವರಿ ಹೊತ್ತಿಗೆ ನಮ್ಮ ಬೀದಿಯಲ್ಲಿ ಮನೆಗೊಬ್ಬರಿಗೆ ಇತ್ತು. ಅಮ್ಮನಿಗೆ ಶುರುವಾಗಿದ್ದು ಗಂಟಲು ನೋವು, ಮೂಗು ಸೋರುವುದು, ಸುಸ್ತು. ಜ್ವರ ಇರಲಿಲ್ಲ. ಕಾಫಿ ವಾಸನೆ ಚೆನ್ನಾಗಿಯೇ ಬರುತ್ತಿತ್ತು. ಹಾಗಾಗಿ ಥಂಡಿ ಇರಬೇಕು ಅಂದುಕೊಂಡೆವು. ಮೊದಲ ತಪ್ಪು ಅದು.

ಯಾಕೆಂದರೆ ನಮ್ಮ ತಲೆಯಲ್ಲಿ ಕೂತಿದ್ದು ಡೆಲ್ಟಾ, ಓಮಿಕ್ರಾನ್‌ಗೂ ಮುಂಚಿನ ತಳಿ. 2021ರ ಏಪ್ರಿಲ್, ಮೇ ತಿಂಗಳ ಮೈಸೂರನ್ನು ಯಾರು ಮರೆಯುತ್ತಾರೆ? ಬೆಡ್‌ಗಾಗಿ ಫೋನ್, ಸಿಲಿಂಡರ್‌ಗಾಗಿ ಫೋನ್, ಪಕ್ಕದ ಚಾಮರಾಜನಗರದಲ್ಲಿ ಆಕ್ಸಿಜನ್ ಸಿಗದೆ ಜನ ಸತ್ತ ಆ ರಾತ್ರಿ. ಡೆಲ್ಟಾ ಶ್ವಾಸಕೋಶಕ್ಕೇ ಇಳಿಯುತ್ತಿತ್ತು. ಓಮಿಕ್ರಾನ್ ಹೆಚ್ಚಾಗಿ ಗಂಟಲು, ಶ್ವಾಸನಾಳದಲ್ಲಿ ಬೆಳೆಯುತ್ತದೆ, ಶ್ವಾಸಕೋಶದ ಒಳಗೆ ಅಷ್ಟಾಗಿ ಇಲ್ಲ. ಬ್ರಿಟನ್ನಿನಲ್ಲಿ ಲಸಿಕೆ ಹಾಕಿಸಿಕೊಂಡವರನ್ನು ಹೋಲಿಸಿ ನೋಡಿದಾಗ, ಡೆಲ್ಟಾ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ವಾಸನೆ ಹೋಗಿತ್ತು. ಓಮಿಕ್ರಾನ್ ಕಾಲದಲ್ಲಿ ಅದು ನೂರಕ್ಕೆ 17 ಜನಕ್ಕೆ. ಗಂಟಲು ನೋವು ಮಾತ್ರ ನೂರಕ್ಕೆ 70 ಜನಕ್ಕೆ ಇತ್ತು. ಇಂಗ್ಲೆಂಡಿನ ದೊಡ್ಡ ಲೆಕ್ಕದಲ್ಲಿ ಆಸ್ಪತ್ರೆ ಸೇರುವ ಅಪಾಯ ಡೆಲ್ಟಾಗಿಂತ ಸುಮಾರು 60 ಪರ್ಸೆಂಟ್ ಕಡಿಮೆ, ಸಾಯುವ ಅಪಾಯ 70 ಪರ್ಸೆಂಟ್ ಹತ್ತಿರ ಕಡಿಮೆ ಬಂತು. 2023ರ ಕೊನೆಯಲ್ಲಿ ಸುದ್ದಿಯಾದ ಜೆಎನ್.1 ಕೂಡ ಇದೇ ಓಮಿಕ್ರಾನ್ ಬಳಗದ್ದು.

ಆದರೆ ವಯಸ್ಸಾದವರಿಗೆ ಈ ಸಮಾಧಾನ ಸಾಲದು. ಎಪ್ಪತ್ತು ದಾಟಿದವರಲ್ಲಿ ಕೋವಿಡ್ ಕೆಮ್ಮು, ಜ್ವರವಾಗಿ ಬರದೆ ಇರಬಹುದು. ಇದ್ದಕ್ಕಿದ್ದಂತೆ ತಡಬಡಾಯಿಸುತ್ತಾರೆ, ಇವತ್ತು ಯಾವ ವಾರ ಅಂತ ಮರೆಯುತ್ತಾರೆ, ಊಟ ಬಿಡುತ್ತಾರೆ, ಬೀಳುತ್ತಾರೆ. ಅಮ್ಮ ಮೂರನೇ ದಿನ ಬೆಳಗಿನ ಜಾವ ಬಾತ್‌ರೂಮಿಗೆ ಹೋಗುವಾಗ ತಲೆ ಸುತ್ತಿ ಬಿದ್ದರು. ಸೊಂಟದ ಹತ್ತಿರ ತೊಡೆಮೂಳೆ ಮುರಿಯಿತು.

ಆಂಬುಲೆನ್ಸ್ ಕರೆಸುವ ತುರ್ತು ನಂಬರ್ 999ಕ್ಕೆ ಫೋನ್ ಮಾಡಿದೆವು. ಎಮರ್ಜೆನ್ಸಿಯಲ್ಲಿ ಸ್ವ್ಯಾಬ್ ತೆಗೆದರು, ಪಾಸಿಟಿವ್. ಅಮ್ಮನನ್ನು ಬೇರೆ ಕೋಣೆಗೆ ಹಾಕಿದರು. ದುಡ್ಡಿನ ಬಗ್ಗೆ ಕೇಳಿದೆ. ನರ್ಸ್ ನಗುತ್ತಾ, ಕೋವಿಡ್‌ಗೆ ಇಲ್ಲಿ ಯಾರೂ ದುಡ್ಡು ಕೊಡಬೇಕಿಲ್ಲ ಅಂದರು. ನಿಜವೇ. 2020ರ ಜನವರಿ 29ರಿಂದ ಇಂಗ್ಲೆಂಡಿನಲ್ಲಿ ಕೋವಿಡ್ ಪರೀಕ್ಷೆ, ಚಿಕಿತ್ಸೆ ವಿದೇಶಿಯರಿಗೂ ಉಚಿತ ಅಂತ ಆಯಿತು. ಪರೀಕ್ಷೆ ನೆಗೆಟಿವ್ ಬಂದರೂ ಅಷ್ಟರವರೆಗಿನ ಕೋವಿಡ್ ತಪಾಸಣೆಗೆ ಬಿಲ್ ಇಲ್ಲ. ನಾವು ಪೂರ್ತಿ ನಿಶ್ಚಿಂತೆಯಾಗಿ ಮನೆಗೆ ಬಂದೆವು.

ದಯವಿಟ್ಟು ಇಲ್ಲಿ ನಿಂತು ಓದಿ. ಉಚಿತ ಇರುವುದು ಕೋವಿಡ್‌ಗೆ, ಕೋವಿಡ್ ಇರುವ ರೋಗಿಗಲ್ಲ. ಪಾಸಿಟಿವ್ ಬಂದವರಿಗೆ ಬೇರೆ ಏನೇ ಚಿಕಿತ್ಸೆ ಮಾಡಿದರೂ ಅದರ ಲೆಕ್ಕ ಬೇರೆ. ಆ ಜನವರಿ ಕೊನೆಗೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿದ್ದ ಪಾಸಿಟಿವ್ ರೋಗಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಬೇರೆ ಕಾರಣಕ್ಕೆ ಸೇರಿದವರು. ನಮ್ಮಮ್ಮನೂ ಆ ಲೆಕ್ಕದಲ್ಲೇ ಬಂದರು.

ನೀವು ಕೆಲಸದ ವೀಸಾದಲ್ಲಿದ್ದರೆ ವೀಸಾ ಜೊತೆಗೇ ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತೀರಿ. ಅದಕ್ಕೇ ನಿಮಗೆ ಆಸ್ಪತ್ರೆ ಬಿಲ್ ಬರುವುದಿಲ್ಲ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮ ಅದನ್ನು ಕಟ್ಟಿಲ್ಲ. ಅವರಿಗೆ ಜಿಪಿಯನ್ನು, ಅಂದರೆ ಫ್ಯಾಮಿಲಿ ಡಾಕ್ಟರನ್ನು, ನೋಡುವುದು ಉಚಿತ, ಎಮರ್ಜೆನ್ಸಿ ವಿಭಾಗವೂ ಉಚಿತ. ಅಲ್ಲಿಂದ ವಾರ್ಡಿಗೆ ದಾಖಲಾದ ಗಳಿಗೆಯಿಂದ ಮೀಟರ್ ಶುರು, ಅದೂ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದರದ ಒಂದೂವರೆ ಪಟ್ಟು. ತುರ್ತು ಚಿಕಿತ್ಸೆಯನ್ನು ದುಡ್ಡಿಗಾಗಿ ನಿಲ್ಲಿಸುವುದಿಲ್ಲ. ಆಮೇಲೆ ಬಿಲ್ ಕಳಿಸುತ್ತಾರೆ. 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಎರಡು ತಿಂಗಳು ದಾಟಿದರೆ ವಿಷಯ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ಹೋಗಬಹುದು. ಅಮ್ಮನ ಮುಂದಿನ ವೀಸಾಕ್ಕೇ ಕುತ್ತು.

ಬಿದ್ದಿದ್ದೇ ಕೋವಿಡ್‌ನಿಂದ ಅಲ್ವಾ ಅಂತ ನಾನು ಆಸ್ಪತ್ರೆಯಲ್ಲಿ ವಿದೇಶಿ ರೋಗಿಗಳ ಬಿಲ್ ನೋಡುವ ಓವರ್‌ಸೀಸ್ ವಿಸಿಟರ್ ಆಫೀಸಿನಲ್ಲಿ ವಾದ ಮಾಡಿದೆ. ಮೂರು ಪತ್ರ ಬರೆದೆ. ಮುರಿದಿದ್ದು ಮೂಳೆ, ಆಪರೇಷನ್ ಮೂಳೆಗೆ ಅಂದರು. ಇನ್ಶೂರೆನ್ಸ್ ಕಂಪನಿಯವರು ಡಿಸ್ಚಾರ್ಜ್ ಪತ್ರದಲ್ಲಿದ್ದ ಶುಗರ್, ಬಿಪಿ ಮಾತ್ರೆಗಳ ಪಟ್ಟಿ ನೋಡಿ, ಫಾರಂನಲ್ಲಿ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಿರಸ್ಕರಿಸಿದರು. ಕೊನೆಗೆ ಕಂತಿನಲ್ಲಿ ಕಟ್ಟಿದೆವು. ಕಂತು ಕೇಳಿದರೆ ಕೊಡುತ್ತಾರೆ, ಆದರೆ ನೀವಾಗಿಯೇ ಕೇಳಬೇಕು. ಮೊದಲ ದಿನವೇ ಆ ಆಫೀಸಿಗೆ ಹೋಗಿ ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಯಾವ ಚಿಕಿತ್ಸೆ ಕೋವಿಡ್‌ಗೆ, ಯಾವುದು ಬೇರೆಯದಕ್ಕೆ ಅಂತ ಬಿಲ್ಲಿನಲ್ಲಿ ಬಿಡಿಸಿ ತೋರಿಸಲು ಹೇಳಿ. ವಾರ್ಡಿನ ನರ್ಸ್ ಮಾತಿನ ಮೇಲೆ ದುಡ್ಡಿನ ತೀರ್ಮಾನ ಮಾಡಬೇಡಿ. ಪಾಪ, ಅದು ಅವರ ಕೆಲಸವಲ್ಲ.

ಇನ್ನು ಚಿಕಿತ್ಸೆ. ಇಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ: ಕೋವಿಡ್ ವಿಷಯದಲ್ಲಿ ಇಂಗ್ಲೆಂಡಿನವರ ಶಿಸ್ತು ನಮ್ಮದಕ್ಕಿಂತ ಮೇಲು. ಸಿಟಿ ಸ್ಕ್ಯಾನ್ ಮಾಡಿಲ್ಲ, ಸ್ಟೆರಾಯ್ಡ್ ಕೊಟ್ಟಿಲ್ಲ ಅಂತ ಜಗಳಕ್ಕೆ ಹೋಗಬೇಡಿ. ಡೆಕ್ಸಾಮೆಥಾಸೋನ್ ಅನ್ನುವ ಸ್ಟೆರಾಯ್ಡ್ ಜೀವ ಉಳಿಸುವುದು ಆಕ್ಸಿಜನ್ ಬೇಕಾದವರಿಗೆ. ಅದನ್ನು 2020ರಲ್ಲಿ ತೋರಿಸಿಕೊಟ್ಟಿದ್ದೇ ಬ್ರಿಟನ್ನಿನ 'ರಿಕವರಿ' ಅನ್ನುವ ಔಷಧ ಪ್ರಯೋಗ. ಆಕ್ಸಿಜನ್ ಬೇಡದವರಿಗೆ ಲಾಭವಿಲ್ಲ, ತೊಂದರೆಯೇ ಆಗಬಹುದು. ಡೆಲ್ಟಾ ಸಮಯದಲ್ಲಿ ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನಿಗೆ ಎರಡನೇ ದಿನವೇ ಸ್ಟೆರಾಯ್ಡ್ ಶುರು ಮಾಡಿದ್ದರು. ಶುಗರ್ ಏರಿತು, ಬ್ಲ್ಯಾಕ್ ಫಂಗಸ್ ಬಂತು, ಒಂದು ಕಣ್ಣು ಹೋಯಿತು.

ಆದರೆ ಡಾಕ್ಟರನ್ನು ಕಾಣುವ ವಿಷಯದಲ್ಲಿ ಮೈಸೂರೇ ವಾಸಿ. ಇಂಗ್ಲೆಂಡಿನಲ್ಲಿ ಆರೋಗ್ಯ ಸಲಹೆಯ ನಂಬರ್ 111ಕ್ಕೆ ಫೋನ್ ಮಾಡಿ ಕಾಯಬೇಕು. ಹಾಗಾಗಿ ಮನೆಯಲ್ಲಿ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಯಂತ್ರ) ಇಟ್ಟುಕೊಳ್ಳಿ. 95 ಅಥವಾ ಮೇಲಿದ್ದರೆ ಮನೆಯಲ್ಲಿರಿ. 93, 94 ಬಂದರೆ ಜಿಪಿಗೆ ಅಥವಾ 111ಕ್ಕೆ ಫೋನ್ ಮಾಡಿ. 92 ಅಥವಾ ಕೆಳಗೆ ಬಂದರೆ ತಡ ಮಾಡದೆ 999. ಕಪ್ಪು, ಕಂದು ಮೈಬಣ್ಣದವರಿಗೆ ಯಂತ್ರ ನಿಜಕ್ಕಿಂತ ಜಾಸ್ತಿ ತೋರಿಸಬಹುದು. ಆದ್ದರಿಂದ ಅಪ್ಪ ಅಮ್ಮ ಆರೋಗ್ಯವಾಗಿರುವಾಗಲೇ ಒಂದು ಸಲ ನೋಡಿ ಬರೆದಿಡಿ. ಎಷ್ಟು ಇಳಿದಿದೆ ಅನ್ನುವುದು ಮುಖ್ಯ.

ಶುಗರ್ ಲೆಕ್ಕವೂ ಬೇರೆ. ಅಮ್ಮನ ಡೈರಿಯಲ್ಲಿದ್ದ 180 ನೋಡಿ ಅಲ್ಲಿನ ನರ್ಸ್ ಗಾಬರಿಯಾದರು. ಅವರ ಅಳತೆಯಲ್ಲಿ ಅದು 10. ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಅವರ ಅಂಕಿ.

ಭಾಷೆಯದ್ದು ಇನ್ನೊಂದು. ಇಂಡಿಯಾದವರು ಅಂದ ಕೂಡಲೇ ಫೋನಿನಲ್ಲಿ ಹಿಂದಿ ದುಭಾಷಿಯನ್ನು ತಂದರು. ಅಮ್ಮನಿಗೆ ಹಿಂದಿ ಬರುವುದಿಲ್ಲ. ಎರಡು ದಿನ ಎಲ್ಲದಕ್ಕೂ ತಲೆಯಾಡಿಸಿದ್ದಾರೆ, ನೋವು ಇದೆಯಾ ಅಂದರೂ, ಇಲ್ಲವಾ ಅಂದರೂ. ಕನ್ನಡ ದುಭಾಷಿ ಬೇಕು ಅಂತ ಹೆಸರು ಹೇಳಿ ಕೇಳಿ. ಅದಕ್ಕೆ ದುಡ್ಡಿಲ್ಲ. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಒಂದು ಹಾಳೆಯಲ್ಲಿ ನೋವು, ನೀರು, ಚಳಿ, ತಲೆ ಸುತ್ತು, ಬಾತ್‌ರೂಮ್ ಅಂತ ದಪ್ಪ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಪದ ಹಾಕಿ ನರ್ಸ್ ಕೈಲಿ ಕಳಿಸಿದೆ. ಡಿಸ್ಚಾರ್ಜ್ ದಿನ ಆ ಹಾಳೆ ಅಮ್ಮನ ಚೀಲದಲ್ಲಿತ್ತು. 'ನೋವು' ಅನ್ನುವ ಪದದ ಮೇಲೆ ಬೆರಳಿಟ್ಟು ಇಟ್ಟು ಶಾಯಿ ಮಾಸಿತ್ತು.

ಮೈಸೂರಿನಲ್ಲಿ ಆಂಟಿಯ ಪೇಪರ್ ನೋಡಿದ ದಿನ ಸಂಜೆಯೇ ಅವರ ಏಜೆಂಟ್‌ಗೆ ನಾನೇ ಫೋನ್ ಮಾಡಿದೆ. ಶುಗರ್, ಅಂಕಲ್‌ಗೆ ಹಾಕಿರುವ ಸ್ಟೆಂಟ್, ಎರಡನ್ನೂ ಬರೆಸಿ ಹೊಸ ಪಾಲಿಸಿ ಮಾಡಿಸಿದೆವು. ಪ್ರೀಮಿಯಂ ದುಪ್ಪಟ್ಟಾಯಿತು. ಅಂಕಲ್ ಮುಖ ಸಣ್ಣ ಮಾಡಿಕೊಂಡೇ ಕಟ್ಟಿದರು.