ಆಗಸ್ಟ್‌ನಲ್ಲಿ ಕಾಫಿ ಕಣ ಖಾಲಿ ಇರುತ್ತದೆ

ನಾನು ಮೂಡಿಗೆರೆ ಕಡೆಯ ಮೇಸ್ತ್ರಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಚಾರ್ಮಾಡಿ ಘಾಟಿ ಬಂದ್ ಆಯಿತಲ್ಲ, ಆಗ ಮನೆ ಕಳೆದುಕೊಂಡ ನಾಲ್ಕು ಸಂಸಾರಕ್ಕೆ ಶೆಡ್ ಹಾಕಿಕೊಟ್ಟೆ. ಮೊದಲನೆಯದನ್ನು ಕೆಡಿಸಿದೆ. ಕಂಬ, ಶೀಟು, ಬಾಗಿಲು ಎಲ್ಲದರ ಲೆಕ್ಕ ಹಾಕಿದ್ದೆ, ಒಲೆ ಎಲ್ಲಿ ಅಂತ ಯೋಚಿಸಿರಲಿಲ್ಲ. ಎರಡನೇ ದಿನ ಹೋಗಿ ನೋಡಿದರೆ ಆ ಮನೆಯ ಅಜ್ಜಿ ಬಾಗಿಲ ಹೊರಗೆ ಕೊಡೆ ಹಿಡಿದು ಅನ್ನ ಬೇಯಿಸುತ್ತಿದ್ದರು. "ಮನೆ ಚೆನ್ನಾಗಿದೆ ಮೇಸ್ತ್ರಿ. ಬಟ್ಟೆ ಒಣಗ್ಸೋದು ಎಲ್ಲಿ?" ಅಂದರು.

ಒಲೆಗೆ ಆಮೇಲೆ ಬರುತ್ತೇನೆ. ಮೊದಲು ಜಾಗ. ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಅದರ ಬುಡ ಬೇಡ, ಹಳ್ಳದ ಪಕ್ಕ ಬೇಡ. ಮೇಲಿನ ಗುಡ್ಡದಲ್ಲಿ ಮರಗಳು ವಾಲಿದ್ದರೆ, ನೆಲ ಬಿರುಕು ಬಿಟ್ಟಿದ್ದರೆ, ಹಿಂದೆ ಇಲ್ಲದ ಕಡೆ ಜಲ ಒಡೆದು ಕೆಸರು ನೀರು ಬರುತ್ತಿದ್ದರೆ ಅಲ್ಲಿಂದ ದೂರ ಹೋಗಿ. ನಮ್ಮ ಕಡೆ ಸುಲಭಕ್ಕೆ ಸಿಗುವ ಒಳ್ಳೆ ಜಾಗ ಅಂದರೆ ಕಾಫಿ ಒಣಗಿಸುವ ಕಣ. ಸಿಮೆಂಟ್ ನೆಲ, ನೀರು ಹರಿದುಹೋಗುವ ವಾಟ, ಲಾರಿ ಬರುವ ದಾರಿ. ಕೊಯ್ಲು ಶುರುವಾಗುವ ನವೆಂಬರ್ ತನಕ ಖಾಲಿ. ಆದರೆ ಕಣದ ಹಿಂದೆಯೇ ಕಡಿದ ಧರೆ ಇದ್ದರೆ ಅದೂ ಬೇಡ.

ಕಣ ಕೊಟ್ಟ ಸಾಹುಕಾರರು ಒಂದೇ ಮಾತು ಹೇಳಿದರು: ನೆಲಕ್ಕೆ ತೂತು ಹೊಡೆಯಬಾರದು. ಹಾಗಾಗಿ ಕಂಬ ಹೂಳುವ ಹಾಗಿಲ್ಲ. ಕಂಬಗಳ ಬುಡಕ್ಕೆ ಸಿಲ್ವರ್ ಓಕ್ ತೊಲೆಯನ್ನು ಅಡ್ಡ ಬೋಲ್ಟ್ ಮಾಡಿ, ಅದರ ಮೇಲೆ ಮರಳು ತುಂಬಿದ ಗೊಬ್ಬರದ ಚೀಲ ಹೇರಿದೆವು. ಆರು ಕಂಬ, ಒಂದೊಂದಕ್ಕೆ 50 ಕೆಜಿಯ ನಾಲ್ಕು ಚೀಲ. ಇದು ನನ್ನದೇ ಬುದ್ಧಿ ಅಂದುಕೊಂಡಿದ್ದೆ. 1995ರ ಭೂಕಂಪದ ನಂತರ ಜಪಾನಿನ ಕೋಬೆಯಲ್ಲಿ ಶಿಗೆರು ಬಾನ್ ಎಂಬ ಆರ್ಕಿಟೆಕ್ಟ್ ಬಿಯರ್ ಕ್ರೇಟಿಗೆ ಮರಳು ಚೀಲ ತುಂಬಿ ಅದನ್ನೇ ಅಡಿಪಾಯ ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು. ಗೋಡೆಗೆ ಕಾಗದದ ಕೊಳವೆ! ನಮ್ಮ ಮಳೆಗೆ ಆ ಸಾಹಸ ನಾನು ಮಾಡಲ್ಲ.

ಅಳತೆ. ಸಂತ್ರಸ್ತರ ನೆರವಿಗೆ ಮಾಡಿರುವ ಸ್ಫಿಯರ್ ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತಲೆಗೆ ಕನಿಷ್ಠ 3.5 ಚದರ ಮೀಟರ್ ಬೇಕು, ಅಡುಗೆ ಜಾಗ ಬಿಟ್ಟು. ಐದು ಜನಕ್ಕೆ 17.5, ಅಂದರೆ ಸುಮಾರು 188 ಚದರಡಿ. ನಾನು 12 ಅಡಿ ಅಗಲ, 16 ಅಡಿ ಉದ್ದ ಇಡುತ್ತೇನೆ. ನಡುವೆ ಒಂದು ತಡಿಕೆ ಹಾಕಿ. ಬಾಣಂತಿಯೋ ವಯಸ್ಸಿಗೆ ಬಂದ ಹುಡುಗಿಯೋ ಇದ್ದರೆ ಶೀಟಿಗಿಂತ ಮೊದಲು ಅದು ಬೇಕು.

ಮಾಡು, ಅಂದರೆ ಚಾವಣಿ, ಚಪ್ಪಟೆ ಮಾಡಬೇಡಿ. 12 ಅಡಿ ಅಗಲಕ್ಕೆ ನಡುವಿನ ಎತ್ತರ ಗೋಡೆಗಿಂತ ಮೂರೂವರೆ ಅಡಿ ಜಾಸ್ತಿ ಇರಲಿ. ಸೂರು ಎರಡಡಿ ಹೊರಗೆ ಬರಲಿ, ಇಲ್ಲದಿದ್ದರೆ ಎರಚಲು ಹಾಸಿಗೆವರೆಗೂ ಬರುತ್ತದೆ. ಗಾಳಿಮಳೆ ಪಶ್ಚಿಮದಿಂದ ಹೊಡೆಯುತ್ತದೆ, ಬಾಗಿಲು ಪೂರ್ವಕ್ಕೆ. ಶೀಟಿನ ಸದ್ದು ಸುಮ್ನೆ ಅಲ್ಲ, ಪಕ್ಕದಲ್ಲಿ ಮಗು ಅತ್ತರೂ ಕೇಳಲ್ಲ. ಹಳೆ ಕಾಫಿ ಗೋಣಿ ಹೊಲಿದು ಕೆಳಗೆ ಕಟ್ಟಿದರೆ ಸದ್ದು ತಗ್ಗುತ್ತದೆ, ಶೀಟಿನ ಬೆವರು ಮೈಮೇಲೆ ತೊಟ್ಟಿಕ್ಕುವುದೂ ತಪ್ಪುತ್ತದೆ. ನೆಲಕ್ಕೆ ಸಿಮೆಂಟ್ ಬ್ಲಾಕ್ ಇಟ್ಟು ಮೇಲೆ ಅಡಿಕೆ ಮರ ಸೀಳಿದ ದಬ್ಬೆ. ಕೆಳಗೆ ನೀರು ಹರಿದರೂ ಮಲಗಿದವರಿಗೆ ತೊಂದರೆ ಇಲ್ಲ.

ಈಗ ಒಲೆ. ಪೂರ್ವದ ತುದಿಯಲ್ಲಿ ಮಾಡನ್ನು ಇನ್ನೂ ಆರಡಿ ಚಾಚಿ. ಅಲ್ಲಿ ಕಲ್ಲಿನ ಕಟ್ಟೆ, ಎರಡು ಒಲೆ: ಒಂದು ಅಡುಗೆಗೆ, ಇನ್ನೊಂದು ಸ್ನಾನದ ಹಂಡೆಗೆ. ಓಡಾಡಲು ದಾರಿ ಬಿಟ್ಟು ಮೂರು ಕಡೆ ಸೊಂಟದೆತ್ತರಕ್ಕೆ ಶೀಟು, ಮೇಲೆ ಖಾಲಿ, ಹೊಗೆ ಹೋಗಲಿ. ಅಲ್ಲಿ ಗೋಣಿ ಕಟ್ಟಬೇಡಿ. ಹಂಡೆ ಒಲೆಯ ಮೇಲೆ ಕೈಗೆಟುಕುವಷ್ಟು ಎತ್ತರದಲ್ಲಿ ಎರಡು ಬಿದಿರು ಗಳ ಕಟ್ಟಿ. ಗ್ಯಾಸ್ ಕೊಟ್ಟಿದ್ದೇವಲ್ಲ ಅಂತ ಕೆಲವರು ನನ್ನ ಜೊತೆ ವಾದ ಮಾಡಿದರು. ಗ್ಯಾಸಿನಲ್ಲಿ ಕಂಬಳಿ ಒಣಗುತ್ತಾ? ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೇ. ಒದ್ದೆ ಬಟ್ಟೆಯಲ್ಲಿ ನಾಲ್ಕು ದಿನ ಇದ್ದ ಮಗು ಐದನೇ ದಿನ ಕೆಮ್ಮುತ್ತದೆ. ಆ ಅಜ್ಜಿಗೆ ಗಳ ಕಟ್ಟಿಕೊಟ್ಟ ಸಂಜೆ ನಾಲ್ಕೂ ಮನೆಯ ಬಟ್ಟೆ ಅಲ್ಲೇ ನೇತಾಡುತ್ತಿತ್ತು.

ಬೆಂಕಿ ಇರುವುದರಿಂದ ಶೆಡ್ಡುಗಳ ನಡುವೆ ಕನಿಷ್ಠ ಎರಡು ಮೀಟರ್ ಬಿಡಿ. ಕಕ್ಕಸು 20 ಜನಕ್ಕೆ ಒಂದು, ಮನೆಯಿಂದ 50 ಮೀಟರ್ ಒಳಗೆ, ಬಾವಿಯಿಂದ 30 ಮೀಟರ್ ಆಚೆ. ರಾತ್ರಿ ಹೆಂಗಸರು ಹೋಗುವ ದಾರಿಗೆ ಲೈಟು ಬೇಕೇ ಬೇಕು.

ಯಾರಿಗೆ ಯಾವ ಶೆಡ್ಡು ಅಂತ ಚೀಟಿ ಎತ್ತಬೇಡಿ. ಕೋಬೆಯಲ್ಲಿ ಲಾಟರಿ ಹಾಕಿ, ಮುದುಕರಿಗೆ ಮೊದಲು ಅಂತ ಕೊಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಅಕ್ಕಪಕ್ಕದವರೆಲ್ಲ ಚೆದುರಿಹೋಗಿ, ಒಂಟಿಯಾದ ಎಷ್ಟೋ ಹಿರಿಯರು ಯಾರಿಗೂ ಗೊತ್ತಾಗದೆ ಮನೆಯೊಳಗೇ ತೀರಿಕೊಂಡರು. ಒಂದೇ ಕೇರಿಯವರನ್ನು ಒಟ್ಟಿಗೆ ಇಡಿ. ಎಲ್ಲರ ಒಲೆಯೂ ಪೂರ್ವಕ್ಕೇ ಇರುವುದರಿಂದ ಸಾಲಾಗಿ ಕಟ್ಟಿದರೆ ಬೆಳಿಗ್ಗೆ ಯಾರ ಮನೆಯಲ್ಲಿ ಹೊಗೆ ಎದ್ದಿಲ್ಲ ಅಂತ ಪಕ್ಕದವರಿಗೆ ತಿಳಿಯುತ್ತದೆ.

ಕೊನೆಗೆ ಮೊಳೆ ವಿಷಯ. ಮೊದಲ ಶೆಡ್ಡಿಗೆ ಮೊಳೆ ಹೊಡೆದಿದ್ದೆ. ಮೂರು ತಿಂಗಳಿಗೆ ಅಂದಿದ್ದು ಮುಗಿಯಲಿಲ್ಲ, ನವೆಂಬರ್‌ನಲ್ಲಿ ಕಣಕ್ಕೆ ಕಾಫಿ ಬಂತು, ಶೆಡ್ಡನ್ನು ಬೇರೆ ಜಾಗಕ್ಕೆ ಸಾಗಿಸಬೇಕಾಯಿತು. ಕೀಳುವಾಗ ಅರ್ಧ ಶೀಟು ಹರಿದವು. ಬೋಲ್ಟು, ಶೀಟು ಹಿಡಿಯುವ ಜೆ ಹುಕ್ ಹಾಕಿದ್ದ ಉಳಿದ ಮೂರನ್ನು ಒಂದೇ ದಿನದಲ್ಲಿ ಬಿಚ್ಚಿ ಸಾಗಿಸಿದೆವು. ಬಿಚ್ಚುವ ಮೊದಲು ಪ್ರತಿ ಕಂಬಕ್ಕೂ ಬಣ್ಣದಲ್ಲಿ ನಂಬರ್ ಬರೆದುಕೊಳ್ಳಿ. ಮರಳು ಚೀಲ ಅಲ್ಲೇ ಸುರಿದು ಬನ್ನಿ, ಸಾಹುಕಾರರು ಬೇಡ ಅನ್ನಲ್ಲ.